ಎಡಗಿವಿಯ ಹಿಂದೆ

ಸಂತಾಪ ಹೇಳುವವರ ಸಾಲಿನಲ್ಲಿ ಬಂದ ಮುದುಕ ಕೈ ಚಾಚಿದಾಗ ಸಂಸದ ವೆಂಡೆಲ್ ಹ್ಯಾಸ್ಕಿನ್ಸ್ ಅಭ್ಯಾಸಬಲದಿಂದ ಎಡಗಿವಿಯನ್ನು ತುಸು ಹಿಂದಕ್ಕೆ ವಾಲಿಸಿದ. ಏನೂ ಕೇಳಿಸಲಿಲ್ಲ. ಇಪ್ಪತ್ತು ವರ್ಷ ಆ ಕಿವಿಯ ಹಿಂದೆಯೇ ನಿಂತು ಒಬ್ಬೊಬ್ಬ ಮತದಾರನ ಹೆಸರನ್ನೂ ಪಿಸುಗುಟ್ಟುತ್ತಿದ್ದ ಹೆಂಡತಿ ಎಡ್ನಾ ಈಗ ಹಿಂದೆ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಯಾರನ್ನೂ ಮರೆಯದ ಮನುಷ್ಯನೆಂದೇ ಓಹಿಯೋದ ಈ ಉಕ್ಕಿನೂರು ಅವನನ್ನು ಮತ್ತೆಮತ್ತೆ ವಾಷಿಂಗ್ಟನ್ನಿಗೆ ಕಳಿಸಿತ್ತು.

"ನೀವು ಬಂದಿದ್ದು ಒಳ್ಳೇದಾಯ್ತು," ಎಂದ. "ಮಗ ಹೇಗಿದ್ದಾನೆ?"

ಮುದುಕ ಕೈ ಬಿಡಲಿಲ್ಲ. "ಕೊರಿಯಾ ಯುದ್ಧದಿಂದ ಪೆಟ್ಟಿಗೇಲಿ ಬಂದ್ನಲ್ಲ ಸಾರ್. ನೀವೇ ಹೆಗಲು ಕೊಟ್ರಿ. ಗುಂಡಿ ಹತ್ರ ಅವನ ಹೆಸರು ಹೇಳ್ಕೊಂಡು ಅತ್ರಿ."

ವೆಂಡೆಲ್‌ನ ಕಿವಿ ಇನ್ನೂ ವಾಲಿಕೊಂಡೇ ಇತ್ತು. ಮುದುಕ ಅದನ್ನೇ ನೋಡಿದ, ಅದರ ಹಿಂದಿನ ಖಾಲಿ ಜಾಗವನ್ನೂ ನೋಡಿದ. ಆಮೇಲೆ ಅವನನ್ನು ದಾಟಿ ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ಇಷ್ಟು ವರ್ಷ ಓಟು ಹಾಕಿದ್ದು ನಿಮಗೇ ಅಂತ ಇವತ್ತು ಗೊತ್ತಾಯ್ತು, ಅಮ್ಮಾವ್ರೇ."