ನೀರಿಗೆಂದು ಹಾಕಿಸಿದ ಕೊಕ್ಕೆ

ನೀರಿನ ಕ್ಯಾನನ್ನು ತನ್ನ ಸೈಕಲ್ಲಿನ ಕೊಕ್ಕೆಗೆ ನೇತುಹಾಕೋಣವೆಂದು ಆವುಲಪ್ಪ ಕೈ ಚಾಚಿದರೆ, ಚನ್ನಕೇಶವ ಅದನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. "ಇದು ನನ್ ಹತ್ರಾನೇ ಇರ್ಲಿ ಕಣೋ, ನಿಂಗ್ಯಾಕೆ ಭಾರ," ಅಂದ. ಹಾಗಂದ ಮಹಾಶಯ ಟೆಂಟು, ಗೂಟ, ಹಗ್ಗ, ಸೀಮೆಎಣ್ಣೆ ಸ್ಟೌ, ಪಂಕ್ಚರ್ ಸಾಮಾನು ಅಷ್ಟನ್ನೂ ಆವುಲಪ್ಪನ ಕ್ಯಾರಿಯರಿಗೇ ಹೇರಿದ. ಭಾರದ ವಿಷಯದಲ್ಲಿ ಅವನ ಕರುಣೆ ನೀರಿಗೇ ಮುಗಿದುಹೋಯಿತು.

ಆ ಕೊಕ್ಕೆಗಳನ್ನು ಹಾಕಿಸಿದ್ದೇ ನೀರಿಗೆ. ಮೂರು ತಿಂಗಳಿಂದ ಆವುಲಪ್ಪ ಅಪ್ಪನ ಕಾಲದ ಸೈಕಲ್ಲನ್ನು ಬಿಚ್ಚಿ ಕಟ್ಟುತ್ತಲೇ ಇದ್ದ. ಚಿಂತಾಮಣಿಗೆ ಹೋಗಿ ಗುಜರಿಯಲ್ಲಿ ರೇಸ್ ಸೈಕಲ್ಲಿನ ನೇರ ಹ್ಯಾಂಡಲ್ ಹುಡುಕಿ ತಂದ, ಹೊಸ ಟೈರು ಹಾಕಿಸಿದ, ಡೈನಮೋ ಕೂರಿಸಿದ. ಹಾಲಿನವರ ಸೈಕಲ್ಲಿಗಿರುವಂಥ ಕೊಕ್ಕೆಗಳನ್ನು ಕ್ಯಾರಿಯರಿನ ಎರಡೂ ಕಡೆ ವೆಲ್ಡಿಂಗ್ ಮಾಡಿಸಿದ. ಮುಂದಿನಿಂದ ನೋಡಿದರೆ ರೇಸಿನವನು, ಹಿಂದಿನಿಂದ ನೋಡಿದರೆ ಹಾಲಿನವನು ಎಂದು ಗೌರಿಬಿದನೂರಿನ ಆಫೀಸಿನಲ್ಲಿ ಎಲ್ಲರೂ ಕಿಚಾಯಿಸಿದರು. ಕಿಚಾಯಿಸಲಿ ಬಿಡಿ ಎಂದುಕೊಂಡ. ಟಾರ್ಪಾಲಿನ ಟೆಂಟನ್ನು ಇಬ್ಬರು ಕೈಕಾಲು ಚಾಚಿ ಮಲಗುವಷ್ಟು ಅಗಲ ಹೊಲಿಸಿದ್ದ.

ಹೊರಟಿದ್ದು ಲೇಪಾಕ್ಷಿಗಾದರೂ ಅವನಿಗೆ ಅಲ್ಲಿನ ಬಸವಣ್ಣನನ್ನು ನೋಡುವ ಆಸೆಯೇನೂ ಅಷ್ಟಿರಲಿಲ್ಲ. ಚನ್ನಕೇಶವ ಮಿಡಲ್ ಸ್ಕೂಲಿನಿಂದ ಜೊತೆಗಾರ, ಈಗ ಒಂದೇ ಆಫೀಸಿನಲ್ಲಿ ಎದುರುಬದುರು ಮೇಜು. ಹೋಟೆಲಿನಲ್ಲಿ ಒಂದೇ ಕಾಫಿಯನ್ನು ಬೈಟೂ ಮಾಡಿ ಕುಡಿಯುವವರು. ಆದರೆ ಊರಿನಲ್ಲಿ ಚನ್ನಕೇಶವನ ಮನೆಗೆ ಹೋದರೆ ಆವುಲಪ್ಪನಿಗೆ ಜಗುಲಿಯಿಂದ ಮುಂದಕ್ಕೆ ದಾರಿಯಿಲ್ಲ. ಇಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ. "ಸೈಕಲ್ಲಲ್ಲಿ ಹೋಗಣ ಕಣೋ, ಕೆರೆ ಕಟ್ಟೆ ಮೇಲೆ ಟೆಂಟ್ ಹಾಕಣ, ಒಂದೇ ಪಾತ್ರೇಲಿ ಬೇಯಿಸ್ಕೊಂಡು ತಿನ್ನಣ," ಎಂದು ಚನ್ನಕೇಶವನೇ ಅಂದಾಗ ಆವುಲಪ್ಪನ ಎದೆ ತುಂಬಿಬಂದಿತ್ತು. ಟೆಂಟಿಗೆ ಜಗುಲಿ ಎಲ್ಲಿಂದ ಬರಬೇಕು?

ಕ್ಯಾನು ಕೊನೆಗೆ ಚನ್ನಕೇಶವನ ಹ್ಯಾಂಡಲ್ಲಿನಲ್ಲೇ ತೂಗಾಡಿಕೊಂಡು ಹೊರಟಿತು. ಇಳಿಜಾರಿನಲ್ಲಿ ಅದು ಮುಂದಿನ ಚಕ್ರಕ್ಕೆ ಢಣ್ಣನೆ ಬಡಿಯುತ್ತಿತ್ತು, ಸೈಕಲ್ಲು ಕುಡಿದವರ ಹಾಗೆ ಓಲಾಡುತ್ತಿತ್ತು. ಕೊಡೋ ಇಲ್ಲಿ, ಕೊಕ್ಕೆ ಖಾಲಿ ಇದೆ ಎಂದು ಆವುಲಪ್ಪ ಮತ್ತೆ ಮತ್ತೆ ಕೇಳಿದ. ಪರವಾಗಿಲ್ಲ, ಪರವಾಗಿಲ್ಲ ಎಂದು ಚನ್ನಕೇಶವ ಬೆವರು ಒರೆಸಿಕೊಂಡ. ಎಂಥ ಒಳ್ಳೆಯವನಪ್ಪ ಎಂದು ನಮ್ಮ ಆವುಲಪ್ಪ ಅಂದುಕೊಂಡ, ಪಾಪ.

ನಗರಗೆರೆ ಇನ್ನೂ ದೂರವಿರುವಾಗ ಚನ್ನಕೇಶವನ ಮುಂದಿನ ಟೈರು ಜಾಲಿ ಮುಳ್ಳಿಗೆ ಸಿಕ್ಕಿ ಠುಸ್ಸೆಂದಿತು. ಸುತ್ತ ಕಡಲೆಕಾಯಿ ಹೊಲ, ಒಂದು ಬಾವಿ ಇಲ್ಲ, ಮನೆಯಿಲ್ಲ. ಆವುಲಪ್ಪ ಚಕ್ರ ಬಿಚ್ಚಿ ಟ್ಯೂಬು ತೆಗೆದ. ತೂತು ಕಣ್ಣಿಗೆ ಕಾಣಲಿಲ್ಲ. ಗಾಳಿ ಹೊಡೆದು ನೀರಿನಲ್ಲಿ ಅದ್ದಿದರೆ ಗುಳ್ಳೆ ಏಳುತ್ತದೆ, ಆಗ ಗೊತ್ತಾಗುತ್ತದೆ. ಅವನು ಎದ್ದು ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ.

"ಏ, ಮುಟ್ಬೇಡ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಚನ್ನಕೇಶವನ ಮುಖ ಸಣ್ಣದಾಯಿತು. "ನಂಗೇನಿಲ್ಲ ಕಣೋ. ನಂಗೆ ಅಂಥದ್ದೆಲ್ಲ ಇಲ್ಲ ಅಂತ ನಿಂಗೇ ಗೊತ್ತಲ್ಲ. ಇದು ಅಡುಗೆಮನೆ ಕ್ಯಾನು, ವಾಪಸ್ ಒಳಕ್ಕೆ ಹೋಗ್ಬೇಕು. ಅಮ್ಮ ಆಣೆ ಹಾಕಿಸ್ಕೊಂಡವಳೆ," ಎಂದು ತಡವರಿಸಿದ. ತಾನೇ ಹೊಯ್ಯುತ್ತೇನೆಂದೂ, ನಿನ್ನ ತಟ್ಟೆ ಹಿಡಿ ಎಂದೂ ಹೇಳಿದ.

ಆವುಲಪ್ಪ ತನ್ನ ತಟ್ಟೆ ಹಿಡಿದ. ತಟ್ಟೆ ಹತ್ತಿರ ಬಂದಷ್ಟೂ ಚನ್ನಕೇಶವನ ಕೈ ಕ್ಯಾನನ್ನು ಮೇಲಕ್ಕೆತ್ತಿತು. ಎತ್ತರದಿಂದ ಬಿದ್ದ ನೀರು ತಟ್ಟೆಯಲ್ಲಿ ಸಿಡಿದು ಆವುಲಪ್ಪನ ಮುಖಕ್ಕೆ ಹಾರಿತು. ಹಿಂದೆ ಚನ್ನಕೇಶವನ ಮನೆಯವರ ಹೊಲದ ಬದುವಿನಲ್ಲಿ ಆವುಲಪ್ಪನ ಅವ್ವ ಕೊಂಡಮ್ಮ ಕುಕ್ಕರುಗಾಲಿನಲ್ಲಿ ಕೂತು ಬೊಗಸೆಯೊಡ್ಡುತ್ತಿದ್ದಳು, ಚನ್ನಕೇಶವನ ಅಮ್ಮ ಹೀಗೇ ಎತ್ತಿ ಹೊಯ್ಯುತ್ತಿದ್ದಳು. ಮಗ ಬಿ.ಎ. ಮಾಡಿದ್ದರೂ ಕೈಯ ಅಳತೆ ಒಂದಿಷ್ಟೂ ತಪ್ಪಿರಲಿಲ್ಲ. ಆವುಲಪ್ಪನಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಇಬ್ಬರು ಮಲಗುವಷ್ಟು ಅಗಲ ಬೇಕು ಎಂದು ದರ್ಜಿಯ ಮುಂದೆ ನೆಲದ ಮೇಲೆ ಮಲಗಿ ತೋರಿಸಿದ್ದ ತನ್ನ ಮೇಲೇ ನಾಚಿಕೆ.

ಅವನು ಟ್ಯೂಬು ಅದ್ದಿದ, ಗುಳ್ಳೆ ಎದ್ದ ಜಾಗ ಒರೆಸಿ, ಸಲ್ಯೂಷನ್ ಹಚ್ಚಿ, ತೇಪೆ ಅಂಟಿಸಿದ. ಟ್ಯೂಬನ್ನು ಒಳಗೆ ಸೇರಿಸಿ ಚಕ್ರ ಬಿಗಿದ. ಪಂಪನ್ನು ಕೈಗೆ ತೆಗೆದುಕೊಂಡವನು ಗಾಳಿ ಹೊಡೆಯದೆ ಹಾಗೇ ನಿಂತ.

"ಪಂಪು ನಮ್ಮನೇದು ಕಣಪ್ಪ," ಅಂದ. "ಇದರ ಗಾಳಿ ನಿಂಗೆ ನಡೀತದಾ?"

ಚನ್ನಕೇಶವ ನಾಚಿ ತಲೆತಗ್ಗಿಸಿದ್ದರೆ ಆವುಲಪ್ಪ ಗಾಳಿ ಹೊಡೆದುಬಿಡುತ್ತಿದ್ದನೋ ಏನೋ. ಆದರೆ ಅವನು ನಿಜವಾಗಿಯೂ ಯೋಚನೆ ಮಾಡಿದ. ಯೋಚಿಸಿ, ಸಮಾಧಾನದಿಂದಲೇ, "ಗಾಳಿಗೇನಪ್ಪ, ಗಾಳಿ ನಡೀತದೆ," ಅಂದ.

ಆವುಲಪ್ಪ ಪಂಪನ್ನು ತನ್ನ ಸೈಕಲ್ಲಿಗೆ ಸಿಕ್ಕಿಸಿಕೊಂಡು, ಗೌರಿಬಿದನೂರಿನ ಕಡೆಗೆ ತಿರುಗಿಸಿ ಹತ್ತಿದ. ದಾರಿಯುದ್ದಕ್ಕೂ ಖಾಲಿ ಕೊಕ್ಕೆಗಳು ಲಟಲಟ ಎನ್ನುತ್ತಿದ್ದವು. ಹಿಂದೆ ರಸ್ತೆಯ ನಡುವೆ ಚನ್ನಕೇಶವ ನಿಂತಿದ್ದ. ಕ್ಯಾನಿನ ತುಂಬ ಮಡಿ ನೀರು, ಟೈರಿನಲ್ಲಿ ಒಂದು ಉಸಿರು ಗಾಳಿಯಿಲ್ಲ.