ಕಣ್ಣಿಗೆ ಹೊಂದಿಸಿದ ಗುಂಡಿ

"ಚಸ್ಮಾ ಇದ್ದವ್ರು ತಗದು ಹಾಕ್ಕೋಬೇಕ್ರಿ. ಇಲ್ಲಂದ್ರ ಕಾಚ ಮೂಗಿಗೆ ಒತ್ತತದ," ಎಂದ ಸುಯೋಗ, ಕಣ್ಣ ಮುಂದೆ ಪುಟ್ಟ ಪರದೆಯಿರುವ, ಹೆಲ್ಮೆಟ್ಟಿನಂಥ ಕರಿ ವಿ.ಆರ್. ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು. ಆಮೇಲೆ ಸ್ನೇಹಲಳ ಕಡೆ ನೋಡಿ ನಕ್ಕ. "ನಿಮಗೇನ್ ಆ ತ್ರಾಸ ಇಲ್ಲ."

ತಾರಾಬಾಯಿ ಕಂಕುಳಲ್ಲಿದ್ದ ಚೀಲವನ್ನು ಇನ್ನಷ್ಟು ಅವುಚಿಕೊಂಡಳು. ಮಗಳು ಸ್ನೇಹಲಳ ದಪ್ಪ ಕಾಚಿನ ಚಸ್ಮಾ ಅದರೊಳಗಿತ್ತು. ಎರಡು ಸಂಬಂಧ ಆ ಚಸ್ಮಾ ನೋಡಿಯೇ ತಿರುಗಿ ಹೋಗಿದ್ದವು. ಆದ್ದರಿಂದ ಖಾಸಬಾಗದ ಈ ಮನೆಯವರು ಖಾನಾಪುರಕ್ಕೆ ಹೆಣ್ಣು ನೋಡಲು ಬರುವ ಮೊದಲೇ ಅವಳು ಪಡಸಾಲೆಯ ಕುರ್ಚಿಗಳ ಜಾಗ ಗೊತ್ತು ಮಾಡಿ, ಮಗಳಿಗೆ ಬರಿಗಣ್ಣಿನಲ್ಲಿ ಚಹಾ ಕೊಡುವುದನ್ನು ರೂಢಿ ಮಾಡಿಸಿದ್ದಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಬರುವ ಸೋಮವಾರ ಮದುವೆಯ ನಿಶ್ಚಯ. ಅಷ್ಟರಲ್ಲಿ, ಹುಡುಗ ಸುಯೋಗ ಕಲಿಸುವ ಕಂಪ್ಯೂಟರ್ ಕ್ಲಾಸಿನವರು ಬೆಳಗಾವಿಯಲ್ಲಿ ಪ್ರದರ್ಶನ ಇಟ್ಟಿದ್ದಾರೆ, ಬಂದು ನೋಡಿ ಹೋಗಿ ಎಂದು ಅವನ ತಾಯಿ ಚಂಪಾಬಾಯಿಯೇ ಹೇಳಿ ಕಳಿಸಿದಾಗ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಇಲ್ಲಿಯ ತನಕ, ಮೆಟ್ಟಿಲು ಬಂದಲ್ಲೆಲ್ಲ ಮಗಳ ಮಣಿಕಟ್ಟು ಚಿವುಟುತ್ತ ಕರೆತಂದಿದ್ದಳು.

ಹುಡುಗ ಸಂಕೋಚದವನು. ಟೊಪ್ಪಿಗೆ ಕೊಟ್ಟು ದೂರ ನಿಂತು, ಹಿಂದಿನ ಪಟ್ಟಿ ಬಿಗಿಯಲು ತಾರಾಬಾಯಿಗೇ ಹೇಳಿದ. "ಅದರಾಗ ಒಂದು ಗುಹಾ ಐತ್ರಿ. ನೀವು ತಲಿ ತಿರುವಿದಂಗ ಅದೂ ತಿರಗತದ. ಮಸಕ ಅನಿಸಿದ್ರ ಬಾಜೂಕ ಗುಂಡಿ ಅದ, ತಿರುವಿ ನಿಮ್ಮ ಕಣ್ಣಿಗೆ ಹೊಂದಿಸ್ಕೋರಿ."

ಸ್ನೇಹಲಳ ಬೆರಳು ತಡಕಾಡಿ ಗುಂಡಿ ಹಿಡಿಯಿತು. ತಿರುವಿತು. ಇನ್ನೂ ತಿರುವಿತು. ಅದು ಎಲ್ಲಿಗೆ ನಿಲ್ಲುತ್ತದೋ ಎಂದು ತಾರಾಬಾಯಿ ಉಸಿರು ಹಿಡಿದು ನೋಡುತ್ತಿದ್ದಳು. ಕೊನೆಗೆ ಹುಡುಗಿ ಕತ್ತು ಮೇಲೆತ್ತಿ ಸಣ್ಣಗೆ ನಕ್ಕಳು. "ಅವ್ವಾ, ಮ್ಯಾಲ ಬಾವಲಿ ಜೋತ ಬಿದ್ದಾವು. ಕಿವಿ ಸೈತ ಕಾಣತಾವು."

"ಸೊಸಿ ನೋಡಿದ ಬಾವಲಿ ಅತ್ತಿ ನೋಡಬಾರದೇನು? ತಾ ಇಲ್ಲೆ," ಎಂದು ಪಕ್ಕದಲ್ಲೇ ನಿಂತಿದ್ದ ಚಂಪಾಬಾಯಿ ಸೆರಗು ಸರಿಪಡಿಸಿಕೊಂಡು ಕುರ್ಚಿಯಲ್ಲಿ ಕೂತಳು. ಟೊಪ್ಪಿಗೆ ಹಾಕಿಸಿಕೊಂಡಳು. ಅತ್ತಿತ್ತ ತಿರುಗಿದಳು. ನಗು ನಿಂತಿತು. "ಸುಯೋಗ, ಲೈಟ್ ಹೋತೇನೋ? ಏನೂ ಕಾಣವಲ್ದು. ಬರೇ ಹೊಗಿ ಹೊಗಿ."

ಮುಂಜಾನೆಯಿಂದ ಬಂದವರೆಲ್ಲ ಗುಂಡಿಯನ್ನು ಒಂಚೂರಷ್ಟೇ ಅಲುಗಿಸಿ ಬಿಟ್ಟಿದ್ದರು. ಸ್ನೇಹಲ ತಿರುವಿದ ಮೇಲೆ ಅದು ಕೊನೆ ಮುಟ್ಟಿದೆ ಎಂದು ಸುಯೋಗನಿಗೆ ಹೊಳೆಯಲಿಲ್ಲ. ವಾಯರ್ ಸಡಿಲಾಗಿರಬೇಕೆಂದು ಟೇಬಲ್ಲಿನ ಕೆಳಗೆ ತೂರಿದ.

ಚಂಪಾಬಾಯಿಯ ಕೈ ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯಿತು. "ಅಕಿಗೆ ಕಂಡದ್ದು ನನಗ ಕಾಣವಲ್ದು ಅಂದ್ರ ಏನು? ನಮ್ಮಣ್ಣಗ ಹಿಂಗ ಹೊಗಿ ಬಂದಂಗ ಆಗತಿತ್ತು. ಸಕ್ಕರಿ ಕಣ್ಣಿಗೆ ಇಳದೈತಿ ಅಂದ್ರು ಡಾಕ್ಟರು. ಕಡೀಕ ಎರಡೂ ಹೋದ್ವು." ಅವಳ ಇನ್ನೊಂದು ಕೈ ಗಾಳಿಯಲ್ಲಿ ತಡಕಾಡಿತು. "ನನಗೂ ಸಕ್ಕರಿ ಐತಿ, ತಾರಾಬಾಯಿ."

ಈಗ ನಿಜ ಬಾಯಿ ಬಿಟ್ಟರೆ ಸೋಮವಾರದ ನಿಶ್ಚಯ ಮುಗಿದ ಹಾಗೆಯೇ. "ಸಕ್ಕರಿ ಇದ್ದವ್ರಿಗೆ ಹಂಗ ಆಗತದಂತ್ರಿ ಅಕ್ಕಾರ, ಒಮ್ಮೆ ತೋರಿಸಿಬಿಡ್ರಿ," ಎಂದುಬಿಟ್ಟಳು ತಾರಾಬಾಯಿ. ಮಾತು ಹೊರಗೆ ಬಿದ್ದ ಕೂಡಲೇ ಅವಳಿಗೆ ತನ್ನ ಮೇಲೆಯೇ ಹೇಸಿಕೆ ಬಂತು.

ಸ್ನೇಹಲ ತಾಯಿಯ ಕಡೆ ತಿರುಗಿದಳು. ಮಗಳ ಬರಿಗಣ್ಣಿಗೆ ತನ್ನ ಮುಖ ಕಾಣುವುದಿಲ್ಲ ಎಂದು ಗೊತ್ತಿದ್ದರೂ ತಾರಾಬಾಯಿ ನೆಲ ನೋಡಿದಳು.

"ಕಾಕೂ, ನಿಮ್ಮ ಕಣ್ಣಿಗೆ ಏನೂ ಆಗಿಲ್ರಿ," ಎಂದಳು ಸ್ನೇಹಲ. "ಗುಂಡಿ ನನ್ನ ಕಣ್ಣಿಗೆ ಹೊಂದಿಸಿಟ್ಟೇನ್ರಿ. ಹಿಂದಕ್ಕ ತಿರುವ್ರಿ."

ಚಂಪಾಬಾಯಿ ತಿರುವಿದಳು. ಬಾವಲಿ ಕಂಡಿರಬೇಕು, ಎದೆ ಏರಿ ಇಳಿಯಿತು. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುವಾಗ ಮಾತ್ರ ಆ ಸಮಾಧಾನ ಮುಖದ ಮೇಲೆ ಉಳಿದಿರಲಿಲ್ಲ.

"ಚಸ್ಮಾ ಐತಿ?"

"ಐತ್ರಿ. ಸಾಲ್ಯಾಗ ಇದ್ದಾಗಿಂದ."

"ಮುಚ್ಚಿಟ್ಟು ಕೊಡಾಕ ಹೊಂಟಿದ್ರೇನ್ರಿ, ತಾರಾಬಾಯಿ? ಭಾಂಡಿ ಅಂಗಡ್ಯಾಗ ಸೋರೂ ಕೊಡಾ ದಾಟಿಸಿದಂಗ?"

ಸುಯೋಗ ಟೇಬಲ್ಲಿನ ಕೆಳಗಿಂದ ಎದ್ದು, ವಾಯರ್ ಹಿಡಿದುಕೊಂಡೇ ನಿಂತಿದ್ದ. ಚಂಪಾಬಾಯಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಏನೋ ಹೊಳೆದಂತೆ ಹುಬ್ಬು ಗಂಟಾಯಿತು.

"ಹೌದಲ್ಲ, ಆವತ್ತ ನಿಮ್ಮ ಮನ್ಯಾಗ ನನ್ನ ಮಗಗ ಹೂಂ ಅಂದ್ಯಲ್ಲ. ಏನ್ ನೋಡಿ ಅಂದಿ?"

"ಅಂಗಿ ಬಿಳೇದೈತಿ ಅನ್ನೂದಷ್ಟ ಗೊತ್ತಾತ್ರಿ. ಮುಖ ಕಾಣಲಿಲ್ಲ." ಸ್ನೇಹಲ ತಾಯಿಯತ್ತ ಕೈ ಚಾಚಿದಳು. "ಕೊಡು ಅವ್ವಾ."

ತಾರಾಬಾಯಿ ಕೊಟ್ಟಳು. ಹುಡುಗಿ ಚಸ್ಮಾ ಒರೆಸಿಕೊಂಡು ಏರಿಸಿ, ಸುಯೋಗನ ಕಡೆ ನೆಟ್ಟಗೆ ತಿರುಗಿ ನಿಂತಳು. ಅವಸರ ಮಾಡಲಿಲ್ಲ. ಸುಯೋಗ ವಾಯರ್ ಕೆಳಗಿಟ್ಟ. ಕೂದಲಿನ ಧೂಳು ಕೊಡವಿಕೊಂಡ. ಕೊರಳ ಗುಂಡಿ ಹಾಕಿಕೊಂಡ. ಕೈ ಎಲ್ಲಿಡಬೇಕೋ ತಿಳಿಯದೆ ಒಂದರಲ್ಲೊಂದು ಹಿಡಿದು, ತಲೆ ತಗ್ಗಿಸಿ, ಬೂಟಿನ ತುದಿಯಿಂದ ಜಮಖಾನೆ ಕೆರೆಯತೊಡಗಿದ.

ಚಂಪಾಬಾಯಿ ಮಗನನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ತಲಿ ಎತ್ತೋ. ಹುಡಿಗಿ ನೋಡಾಕತ್ತಾಳ."