ಕಿವಿಯ ನೆತ್ತರು

ಎತ್ತು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಕಣ್ಣಿ ಹರಿದುಕೊಂಡು ಹೋಗಿ, ಕೊಯ್ದ ಜೋಳದ ಬುಡದಲ್ಲಿ ಹೊರಟಿದ್ದ ಎಳೆ ಚಿಗುರನ್ನು ಹೊಟ್ಟೆತುಂಬ ಮೇಯ್ದು ಬಂದಿತ್ತು. ಮುದಕಪ್ಪ ಚೂರಿಯಿಂದ ಅದರ ಕಿವಿಯ ತುದಿ ಕೊಯ್ದ. ನೆತ್ತರು ಕಪ್ಪಗಿದ್ದರೆ ದನ ಸಾಯುತ್ತದೆ, ಕೆಂಪಗಿದ್ದರೆ ಬದುಕುತ್ತದೆ. ಕುಬಿಹಾಳದಲ್ಲಿ ಯಾರ ದನ ಬಿದ್ದರೂ ಅದನ್ನು ನೋಡಿ ಹೇಳಲು ಮುದಕಪ್ಪನೇ ಬೇಕು. ಆ ಹಮ್ಮು ಅವನಿಗೆ ಇತ್ತು ಕೂಡ.

"ಚಾವಡಿಗೆ ದನದ ಡಾಕ್ಟರ್ ಬಂದಾರ. ಕರಕೊಂಡ ಬರ್ಲೇನ್ರಿ?" ಹೆಂಡತಿ ಬಸಕ್ಕ ಕೇಳಿದಳು.

"ಕಣ್ಣ ಕಾಣೂದಿಲ್ಲೇನ ನಿನಗ? ಇಷ್ಟ ಕೆಂಪ ನೆತ್ತರ ನಾ ಎಂದೂ ನೋಡಿಲ್ಲ. ಸುಮ್ನ ಕೂಡ."

ಎತ್ತು ಮುಗ್ಗರಿಸಿ ಬಿದ್ದು ಕಾಲು ಬಡಿಯತೊಡಗಿದಾಗ ಬಸಕ್ಕ ಗಂಡನ ಮಾತು ಮೀರಿ ಓಡಿದಳು. ಡಾಕ್ಟರ್ ಶಂಭುಲಿಂಗಪ್ಪ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲೇ ಹುಟ್ಟಿ ಬೆಳೆದ ಎತ್ತು. ಅದರ ಕೊರಳ ಮೇಲೆ ಕೈಯಿಟ್ಟು ಮುದಕಪ್ಪ ಕುಳಿತಿದ್ದ.

"ನೆತ್ತರ ಕೆಂಪ ಇತ್ತರಿ," ಎಂದ, ಯಾರೋ ಮೋಸ ಮಾಡಿದರೆಂಬ ದನಿಯಲ್ಲಿ.

"ಅದ ಕೇಡು, ಮುದಕಪ್ಪ," ಡಾಕ್ಟರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. "ಉಸುರು, ಅಂದ್ರ ಆಕ್ಸಿಜನ್, ನೆತ್ತರದಾಗ ಇತ್ತು, ಮೈಗೆ ಹತ್ತಲಿಲ್ಲ. ಮೈಯ ಕಣಕಣದಾಗೂ ಕಬ್ಬಿಣ ಹಿಡಕೊಂಡ ಪ್ರೋಟೀನ್ ಇರ್ತಾವ, ಸೈಟೋಕ್ರೋಮ್ ಅಂತಾರ. ಬಾವಿ ತೋಡುವಾಗ ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸ್ತೀರಲ್ಲ, ಹಂಗ ಅವು ಎಲೆಕ್ಟ್ರಾನ್ ದಾಟಿಸ್ತಾವ. ಕಡೀ ಕೈಯಿಂದ ಇಸಗೊಳ್ಳೂದು ಉಸುರು. ಚಿಗುರಿನ ವಿಷ ಆ ಕಡೀ ಕೈಯಾಗಿನ ಕಬ್ಬಿಣಾನ ಹಿಡದ ಬಿಡ್ತದ. ಸಾಲೆಲ್ಲ ನಿಲ್ತದ. ಉಸುರು ಖರ್ಚ ಆಗೂದಿಲ್ಲ, ಅದಕ್ಕ ನೆತ್ತರ ಕೆಂಪಗ ಉಳೀತದ."

"ಔಷಧ ಇತ್ತೇನ್ರಿ?"

"ಚೀಲದಾಗ ಅದ. ಜೀವ ಇದ್ದಾಗ ಚುಚ್ಚಬೇಕಾಗಿತ್ತು."

ಎಲೆಕ್ಟ್ರಾನು, ಪ್ರೋಟೀನು ಮುದಕಪ್ಪನ ತಲೆಗೆ ಹೋಗಲಿಲ್ಲ. ಬುಟ್ಟಿ ನಿಂತದ್ದು ಮಾತ್ರ ಹೋಯಿತು. ಊರ ದನಗಳ ಎಷ್ಟು ಕಿವಿ ಕೊಯ್ದಿದ್ದೆನೋ ಎಂದು ನೆನೆದು ಅವನಿಗೆ ತನ್ನ ಕೈಯ ಮೇಲೆಯೇ ಹೇಸಿಗೆ ಬಂತು. ಚೂರಿಯನ್ನು ದೂರ ಎಸೆದ.

ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಮೈಲಾರವ್ವ ಕೂಗಿದಳು. ದನಿಯಲ್ಲಿ ನೆಮ್ಮದಿಯಿತ್ತು.

"ಕಾಕಾ, ನಮ್ಮ ಆಕಳೂ ನಿಮ್ಮ ಎತ್ತಿನ ಕೂಡ ಚಿಗುರ ಮೇಯ್ದಿತ್ತರಿ. ಬಾಳ ತೇಕಾಕತ್ತಿತ್ತು. ನೀವು ತೋರಿಸಿದಂಗ ನಾನ ಕಿವಿ ಕೊಯ್ದು ನೋಡಿದೆ. ಅಗದಿ ಕೆಂಪೈತ್ರಿ. ಈಗ ತೇಕೂದೂ ನಿಂತೈತಿ."